ಹಿಮ್ಮಡಿ ಇಳಿದ ಮೆಟ್ಟಿಲು

ಆ ಬೀದಿಯಲ್ಲಿ ಅವನಿಗೆ ಹೆತ್ತವರು ಇಟ್ಟ ಹೆಸರೇನೆಂದು ಕೇಳಿದರೆ ಹೇಳುವವರಿಲ್ಲ. ಹಿಮ್ಮಡಿ ಎಂದರೆ ಸಾಕು, ಚಿಕ್ಕ ಮಕ್ಕಳೂ ಕೈಹಿಡಿದು ಮನೆ ಬಾಗಿಲ ತನಕ ಬಿಟ್ಟು ಬರುತ್ತಾರೆ. ಮನೆ ಬದಲಾಯಿಸುವವರ ಸಾಮಾನು ಇಳಿಸುವುದು, ಏರಿಸುವುದು ಅವನ ಕಸುಬು. ಬೀರುವಾಗಲಿ, ಮಂಚವಾಗಲಿ, ಹೊಲಿಗೆ ಯಂತ್ರವಾಗಲಿ, ಅದರ ಕೆಳತುದಿ ಹಿಮ್ಮಡಿಯ ಕೈಯಲ್ಲಿ, ಮೇಲ್ತುದಿ ಅವನ ಭಾವನ ಕೈಯಲ್ಲಿ.

ಮೆಟ್ಟಿಲಿಳಿಯುವಾಗ ಕೆಳಗಿರುವವನು ಹಿಂದುಹಿಂದಕ್ಕೆ ಹೆಜ್ಜೆ ಇಡಬೇಕು. ಮುಖಕ್ಕೆ ಬೀರು ಅಂಟಿಕೊಂಡಿರುತ್ತದೆ, ಬೆನ್ನಿಗಂತೂ ಕಣ್ಣಿಲ್ಲ. ಊರೆಲ್ಲ ಕಾಲ್ಬೆರಳು ಮುಂದೆ ಮಾಡಿಕೊಂಡು ನಡೆದರೆ ಇವನೊಬ್ಬ ಹಿಮ್ಮಡಿ ಮುಂದೆ ಮಾಡಿಕೊಂಡು ನಡೆಯುತ್ತಾನಲ್ಲ, ಅದಕ್ಕೇ ಆ ಹೆಸರು ಅಂಟಿತು. ಮೇಲಿರುವ ಭಾವ ಬೀರುವಿನ ಪಕ್ಕದಿಂದ ಕತ್ತು ಚಾಚಿ ದಾರಿ ನೋಡಿ ಕೂಗಬೇಕು. “ಮೆಟ್ಟಿಲು... ಮೆಟ್ಟಿಲು... ತಿರುವು, ಗೋಡೆ ಬಂತು... ಇನ್ನೊಂದಿದೆ... ಆಯ್ತು.” ಆಯ್ತು ಎಂದರೆ ನೆಲ ಸಿಕ್ಕಿತು ಎಂದು ಅರ್ಥ. ಆ ಮಾತು ಕಿವಿಗೆ ಬಿದ್ದ ಮೇಲೆ ಹಿಮ್ಮಡಿ ಕಾಲನ್ನು ಹಿಡಿದುಕೊಳ್ಳುವುದಿಲ್ಲ, ನೆಲಕ್ಕೆ ಬಿಟ್ಟುಬಿಡುತ್ತಾನೆ.

ಇದನ್ನೆಲ್ಲ ಕಲಿಸಿದವನೂ ಭಾವನೇ. ಹಿಮ್ಮಡಿ ಇನ್ನೂ ಚಿಕ್ಕವನಿರುವಾಗ ತಾಯಿ ತೀರಿಕೊಂಡಳು. ತುತ್ತು ಮಾಡಿ ಉಣಿಸಿ ಸಾಕಿದವಳು ಅಕ್ಕ. ಅವಳ ಮದುವೆಯಾದಾಗ ಅವಳ ಮರದ ಪೆಟ್ಟಿಗೆಯ ಹಿಂದೆಯೇ ತಮ್ಮನೂ ಬಂದ. “ಹೆಂಡತಿ ಜೊತೆ ಎರಡು ಸಾಮಾನು ಬಂತು ನೋಡು. ಪೆಟ್ಟಿಗೆ ಮೂಲೆ ಹಿಡಿದು ಸುಮ್ಮನಿದೆ. ಇನ್ನೊಂದು ಬಡಿಸಿದಷ್ಟೂ ಉಣ್ಣುತ್ತೆ” ಎಂದು ಭಾವ ಬಂದವರ ಮುಂದೆಲ್ಲ ಹೇಳಿ ನಗುತ್ತಿದ್ದ. ಹಾಗೆ ನಗುತ್ತಲೇ ಅವನ ತಟ್ಟೆಗೆ ಇನ್ನಷ್ಟು ಬಡಿಸುತ್ತಿದ್ದ. ಆ ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸುವಾಗಲೇ ಹಿಮ್ಮಡಿ ಮೊದಲ ಸಲ ಹಿಂದುಹಿಂದಕ್ಕೆ ಕಾಲಿಟ್ಟದ್ದು. ಕಾಲು ಗಾಳಿಯಲ್ಲಿ ಮೆಟ್ಟಿಲನ್ನು ಹುಡುಕುತ್ತಿತ್ತು. “ಹುಡುಕಬೇಡವೋ. ಹುಡುಕೋ ಕಾಲೇ ಜಾರೋದು. ನನ್ನ ಮಾತಿನ ಮೇಲೆ ಕಾಲಿಡು” ಎಂದಿದ್ದ ಭಾವ. ಅಂದಿನಿಂದ ಹಿಮ್ಮಡಿ ಬದುಕಿದ್ದು ಆ ಮಾತಿನ ಮೇಲೆಯೇ. ಮದುವೆಯಾಗಲಿಲ್ಲ, ಬೇರೆ ಮನೆ ಮಾಡಲಿಲ್ಲ. ಅಕ್ಕನ ಮನೆಯ ಹಿಂದಿನ ಕೋಣೆಯಲ್ಲಿಯೇ ತಲೆಗೂದಲು ನರೆಯಿತು.

ಆ ಮಾತು ತಪ್ಪಿದ್ದು ಒಂದು ಹಳೆಯ ಕಟ್ಟಡದಲ್ಲಿ. ಕಬ್ಬಿಣದ ಬೀರು, ಇಕ್ಕಟ್ಟಾದ ಮೆಟ್ಟಿಲು. ತಿರುವುಗಳೆಲ್ಲ ಮುಗಿದಿದ್ದವು. ಭಾವ “ಆಯ್ತು” ಎಂದ. ಹಿಮ್ಮಡಿ ಕಾಲು ಬಿಟ್ಟ. ಆಗಿರಲಿಲ್ಲ. ಇನ್ನೊಂದು ಮೆಟ್ಟಿಲಿತ್ತು.

ನೆಲ ಇರಬೇಕಾದಲ್ಲಿ ಗಾಳಿಯಿತ್ತು. ಪಾದ ಅಡ್ಡಲಾಗಿ ಬಿದ್ದು ಒಳಮುಖವಾಗಿ ಮಗುಚಿತು, ಕಣಕಾಲಿನ ಹೊರಬದಿಯಲ್ಲಿ ಹಸಿ ಕಡ್ಡಿ ಮುರಿದಂಥ ಸದ್ದಾಯಿತು. ಕಣ್ಣಿಗೆ ಕತ್ತಲೆ ಕವಿದರೂ ಹಿಮ್ಮಡಿ ಬೀರುವನ್ನು ಬಿಡಲಿಲ್ಲ. ಬಿಟ್ಟಿದ್ದರೆ ಅದು ಅವನೆದೆಯ ಮೇಲೆಯೇ ಮಲಗುತ್ತಿತ್ತು. ಹಲ್ಲು ಕಚ್ಚಿ ಅದನ್ನು ಗೋಡೆಗೊರಗಿಸಿ ನಿಂತ.

“ಆಯ್ತು ಅಂದ್ರಲ್ಲ ಭಾವ!”

ಭಾವ ಮೇಲ್ತುದಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದ.

ಆಮೇಲೆ ಮಾಡಬಾರದ್ದನ್ನೆಲ್ಲ ಇಬ್ಬರೂ ಸೇರಿ ಮಾಡಿದರು. ಅರ್ಧ ಕೆಲಸ ಬಿಟ್ಟು ಹೋಗುವುದುಂಟೇ ಎಂದು ಹಿಮ್ಮಡಿ ಬೂಟಿನ ದಾರವನ್ನು ಇನ್ನಷ್ಟು ಬಿಗಿದು ಉಳಿದ ಸಾಮಾನನ್ನೂ ಇಳಿಸಿದ. ಮನೆಗೆ ಬಂದರೆ ಬೂಟೇ ಕಳಚಲೊಲ್ಲದು. ಕಳಚಿದ ಮೇಲೆ ಕಾಲು ಹಿಟ್ಟು ಉಬ್ಬಿದಂತೆ ಉಬ್ಬಿತು. ಅಕ್ಕ ಎಣ್ಣೆ ಬಿಸಿ ಮಾಡಿ ತಂದು, ಊತವನ್ನು ಕೈಯಿಂದಲೇ ಇಳಿಸುತ್ತೇನೆಂದು ಕೂತು ತಿಕ್ಕಿದಳು. ಬೆಳಗಾಗುವಷ್ಟರಲ್ಲಿ ಕಾಲು ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು. ನೆಲಕ್ಕೆ ಊರಲು ಹೋದವನು ಕೂಗಿಕೊಂಡ. ಭಾವ ಬಗ್ಗಿ, ಅವನನ್ನು ಬೆನ್ನಿನ ಮೇಲೆ ಹಾಕಿಕೊಂಡು ಆಸ್ಪತ್ರೆಗೆ ನಡೆದ.

ಎಕ್ಸ್‌ರೇ ತೆಗೆದರು. ಕಾಲೂರಲು ಆಗದಿದ್ದರೆ, ಕಣಕಾಲಿನ ಗಂಟುಮೂಳೆ ಒತ್ತಿದರೆ ನೋಯುತ್ತಿದ್ದರೆ ಎಕ್ಸ್‌ರೇ ಬೇಕೇಬೇಕಂತೆ. ಮೂಳೆ ಮುರಿದಿರಲಿಲ್ಲ. ಮೂಳೆಗೆ ಮೂಳೆಯನ್ನು ಬಿಗಿದಿಡುವ ನಾರು ಹರಿದಿತ್ತು. ವ್ಯಾಯಾಮ ಹೇಳಿಕೊಡುವ ಡಾಕ್ಟರಮ್ಮ ಕಾಲನ್ನು ಮೂಸಿ ನೋಡಿದವಳಂತೆ ಮುಖ ಮಾಡಿದಳು.

“ಎಣ್ಣೆ ಹಚ್ಚಿದ್ದು ಯಾರು?”

“ನಾನೇ” ಎಂದಳು ಅಕ್ಕ, ಬಹುಮಾನಕ್ಕೆ ಕೈಚಾಚುವವಳ ಹಾಗೆ.

“ಪೆಟ್ಟು ಬಿದ್ದ ಹೊಸದರಲ್ಲಿ ಬಿಸಿ ತಾಗಿಸಬಾರದಮ್ಮ, ತಿಕ್ಕಲೂಬಾರದು. ಒಳಗೆ ಇನ್ನಷ್ಟು ರಕ್ತ ಇಳಿದು ಊತ ಹೆಚ್ಚುತ್ತೆ. ಐಸನ್ನ ಬಟ್ಟೇಲಿ ಸುತ್ತಿ ಸ್ವಲ್ಪ ಹೊತ್ತು ಇಡಿ, ತೆಗೀರಿ, ಆಮೇಲೆ ಮತ್ತೆ ಇಡಿ. ಪಟ್ಟಿ ಬೆರಳಿನ ಕಡೆಯಿಂದ ಮೇಲಕ್ಕೆ ಸುತ್ತಬೇಕು. ಬೆರಳು ಜೋಮು ಹಿಡಿದ್ರೆ ಬಿಗಿ ಜಾಸ್ತಿ ಆಯ್ತು ಅಂತ ಬಿಚ್ಚಿಬಿಡಿ. ಮಲಗಿದಾಗ ಕಾಲು ಎದೆಗಿಂತ ಎತ್ತರದಲ್ಲಿರಲಿ.”

“ನಾನು ಸಾಕಿದ ಕಾಲು ಅದು” ಎಂದು ಅಕ್ಕ ಗೊಣಗಿದಳು. ಗೊಣಗುತ್ತಲೇ ಪ್ರತಿಯೊಂದನ್ನೂ ತಪ್ಪದೆ ಮಾಡಿದಳು.

ಕಾಲನ್ನು ದಿಂಬಿನ ಮೇಲೆ ಏರಿಸಿಕೊಂಡು ಮಲಗಿದವನ ಒಳಗೆ ಸಿಟ್ಟು ಕುದಿಯಿತು. ನೋವಿಗಿಂತ ಆ ‘ಆಯ್ತು’ ಎಂಬ ಮಾತೇ ಅವನನ್ನು ಹೆಚ್ಚು ಕೊರೆಯುತ್ತಿತ್ತು. ಒಂದು ಸಂಜೆ ಭಾವನನ್ನು ತಡೆದು ಕೇಳಿಯೇಬಿಟ್ಟ.

“ಎಲ್ಲಿತ್ತು ನಿಮ್ಮ ಗ್ಯಾನ?”

“ತಪ್ಪಾಯ್ತು ಮಾರಾಯ. ಏನೋ ಯೋಚನೇಲಿದ್ದೆ.”

“ಬೀರು ಹಿಡ್ಕೊಂಡು ಏನು ಯೋಚನೆ? ಕಾಲು ವಾಸಿಯಾದ ಮೇಲೆ ನಾನು ಬೇರೆ ಜೋಡಿ ನೋಡ್ಕೊಳ್ತೀನಿ. ನಿಮ್ಮ ಮಾತಿನ ಮೇಲೆ ಇನ್ನು ಕಾಲಿಡಲ್ಲ.”

ಭಾವ ಆಗಲಿ ಎಂಬಂತೆ ತಲೆಯಾಡಿಸಿದ. ಬಾಗಿಲ ಚೌಕಟ್ಟನ್ನು ಸವರಿಕೊಂಡು ಹೊರಗೆ ಹೋದ. ಜಗಳಕ್ಕೆ ನಿಂತಿದ್ದರೆ ಹಿಮ್ಮಡಿಗೆ ಹಗುರಾಗುತ್ತಿತ್ತು. ಒಂದೇ ಸೂರಿನಡಿ ಇಬ್ಬರೂ ಮಾತು ಬಿಟ್ಟರು. ನಡುವೆ ಓಡಾಡುತ್ತಿದ್ದ ಅಕ್ಕ ಮಾತ್ರ ಕಾರಣವಿಲ್ಲದೆ ಸಿಡುಕುತ್ತಿದ್ದಳು. “ಆ ಸ್ಟೂಲ್ ಇದ್ದಲ್ಲೇ ಇರಲಿ! ಚಪ್ಪಲಿ ದಾರೀಲಿ ಬಿಡಬೇಡ!” ಅವಳಿಗೆ ಇತ್ತೀಚೆಗೆ ಶಿಸ್ತಿನ ಹುಚ್ಚು ಹಿಡಿದಿದೆ ಎಂದುಕೊಂಡ ಹಿಮ್ಮಡಿ.

ಊತ ಇಳಿಯಿತು. ಬದನೆಕಾಯಿ ಬಣ್ಣ ಹಳದಿಯಾಗಿ, ಹಳದಿ ಚರ್ಮದ ಬಣ್ಣಕ್ಕೆ ಬಂತು. ನಡೆಯಬಲ್ಲೆನಲ್ಲ, ಇನ್ನೇನು ಎಂದುಕೊಂಡು ಹೋದವನನ್ನು ಡಾಕ್ಟರಮ್ಮ ಗೋಡೆಯ ಪಕ್ಕ ಒಂಟಿಕಾಲಲ್ಲಿ ನಿಲ್ಲಿಸಿದಳು. ಒಳ್ಳೆಯ ಕಾಲಲ್ಲಿ ನಿಂತ. ಪೆಟ್ಟು ಬಿದ್ದ ಕಾಲಲ್ಲಿ ನಿಂತರೆ ಗಾಳಿಗೆ ಸಿಕ್ಕ ಬಟ್ಟೆಯಂತೆ ತೊನೆದ.

“ಕಣ್ಣು ಮುಚ್ಚಿ.”

ಮುಚ್ಚಿದ್ದೇ ತಡ, ಗೋಡೆಗೆ ಬಿದ್ದ.

“ನೋಡಿದ್ರಾ? ನಾರು ಕೂಡಿಕೊಂಡಿದೆ. ಆದ್ರೆ ನೆಲ ಎಲ್ಲಿದೆ ಅನ್ನೋದನ್ನ ಕಾಲು ಮರೆತಿದೆ. ಇಷ್ಟು ದಿನ ಕಣ್ಣು ಅದನ್ನ ಮುಚ್ಚಿಡ್ತಾ ಇತ್ತು. ಇಲ್ಲಿಗೇ ಬಿಟ್ರೆ ಅದೇ ಕಾಲು ಮತ್ತೆ ಮತ್ತೆ ಮಗುಚುತ್ತೆ. ಗೋಡೆ ಪಕ್ಕದಲ್ಲಿರಲಿ, ದಿನಾ ಹಲ್ಲುಜ್ಜುವಾಗ ಒಂಟಿಕಾಲಲ್ಲಿ ನಿಲ್ಲಿ. ಮೊದಲು ಕಣ್ಣು ಬಿಟ್ಟು, ಆಮೇಲೆ ಮುಚ್ಚಿ. ಹಿಮ್ಮಡಿ ಎತ್ತಿ ಇಳಿಸೋದೂ ಇರಲಿ.”

ಆಮೇಲೆ ಅವನ ಬೂಟನ್ನು ಕೈಗೆತ್ತಿಕೊಂಡು ಮೇಜಿನ ಮೇಲಿಟ್ಟಳು. ಬೂಟು ಕುಡಿದವನ ಹಾಗೆ ಹೊರಕ್ಕೆ ವಾಲಿತು. ಹೊರ ಅಂಚು ಸವೆದು ಹೋಗಿತ್ತು. “ಕಾಲು ಮಗುಚೋ ಕೆಲಸದಲ್ಲಿ ಅರ್ಧ ಇದೇ ಮಾಡಿದೆ” ಎಂದಳು. ಹಿಮ್ಮಡಿ ಆ ಬೂಟನ್ನು ನೋಡುತ್ತ ಬಹಳ ಹೊತ್ತು ಕುಳಿತ. ಹೊಸ ಅಡಿ ಹೊಲಿಸು ಎಂದು ಭಾವ ಎಷ್ಟು ಸಲ ಹೇಳಿದ್ದನೋ.

ಮರುದಿನ ಬೆಳಿಗ್ಗೆ ಹಿತ್ತಲ ಬಾಗಿಲಲ್ಲಿ ಒಂಟಿಕಾಲಲ್ಲಿ ನಿಂತು ಹಲ್ಲುಜ್ಜುತ್ತಿದ್ದವನನ್ನು ನೋಡಿ ಅಕ್ಕನಿಗೆ ನಗು ತಡೆಯಲಾಗಲಿಲ್ಲ. “ಹೆಣ್ಣು ಸಿಗದ ಕೊಕ್ಕರೆ ಥರ ಇದೀಯ ಕಣೋ!” ಎಂದಳು. ಪಕ್ಕದಲ್ಲೇ ಹಲ್ಲುಜ್ಜುತ್ತಿದ್ದ ಭಾವನ ಬಾಯಿಂದಲೂ ನೊರೆ ಸಮೇತ ನಗು ಹೊರಬಿತ್ತು. ಎಷ್ಟೋ ದಿನಗಳ ಮೇಲೆ ಕೇಳಿದ ನಗು. ಹಿಮ್ಮಡಿಯ ಬಿಗುಮಾನ ಸ್ವಲ್ಪ ಸಡಿಲಾಯಿತು.

“ನಗೋರು ಒಂದು ಸಲ ನಿಂತು ತೋರಿಸ್ಲಿ.”

ಭಾವ ಕಾಲೆತ್ತಿದ. ನಿಂತ.

“ಕಣ್ಣು ಮುಚ್ಚಿ ನೋಡೋಣ.”

ಮುಚ್ಚಿದ. ಒಂದು ಕೂದಲೆಳೆಯಷ್ಟೂ ಅಲುಗಲಿಲ್ಲ. ಹಿಮ್ಮಡಿ ಬೆರಗಾದ. ತನಗಿಂತ ಅಷ್ಟು ಹಿರಿಯ ಮನುಷ್ಯ!

“ಬಿಡಿ ಈಗ.”

ಭಾವ ಕಣ್ಣು ಬಿಟ್ಟ. ಏನೂ ಬದಲಾಗಲಿಲ್ಲ. ಹಿಮ್ಮಡಿಗೆ ಎಲ್ಲೋ ಚುಳ್ಳೆಂದದ್ದು ಅದೇ. ಈ ದಿನಗಳಲ್ಲಿ ಅವನಿಗೆ ಒಂದು ಸಂಗತಿ ಗೊತ್ತಾಗಿಹೋಗಿತ್ತು. ಕಣ್ಣು ಬಿಟ್ಟ ಕೂಡಲೇ ಮೈ ತಾನಾಗಿ ಒಂದು ಉಸಿರು ಬಿಟ್ಟು ಸಾವರಿಸಿಕೊಳ್ಳುತ್ತದೆ, ಕಳೆದದ್ದು ಸಿಕ್ಕಂತೆ. ಭಾವನ ಮೈ ಹಾಗೆ ಮಾಡಲಿಲ್ಲ. ಮುಚ್ಚಿದರೂ ಅಷ್ಟೇ, ತೆರೆದರೂ ಅಷ್ಟೇ. ಆ ಕಾಲುಗಳು ಕಣ್ಣನ್ನು ಕೇಳುವುದನ್ನು ಯಾವಾಗಲೋ ಬಿಟ್ಟಿದ್ದವು.

ಹಿಮ್ಮಡಿ ಆಯ ತಪ್ಪಿ, ಆಸರೆಗೆಂದು ಕೈಗೆ ಸಿಕ್ಕ ಸ್ಟೂಲನ್ನು ಎಳೆದುಕೊಂಡ.

“ಸ್ಟೂಲ್ ಮುಟ್ಟಬೇಡ ಅಂದಿಲ್ವಾ! ಅವರು ಎಡವುತ್ತಾರೆ!” ಅಕ್ಕ ಚೀರಿದಳು. ಚೀರಿದ ಮೇಲೆ ನಾಲಿಗೆ ಕಚ್ಚಿಕೊಂಡು ಒಲೆಯ ಕಡೆ ತಿರುಗಿದಳು.

ಹಿಮ್ಮಡಿ ಸ್ಟೂಲನ್ನು ಇದ್ದಲ್ಲಿಗೇ ಸರಿಸಿಟ್ಟ.

“ಯಾವಾಗಿನಿಂದ ಭಾವ?”

ಭಾವ ಎತ್ತಿದ ಕಾಲನ್ನು ನಿಧಾನಕ್ಕೆ ಇಳಿಸಿದ. “ನೇರಕ್ಕೆ ನೋಡಿದ್ರೆ ನಿನ್ನ ಮುಖ ಕಾಣುತ್ತೆ. ಅಕ್ಕಪಕ್ಕ ಎಲ್ಲ ಮಬ್ಬು. ಕಾಲ ಬುಡ ಅಂತೂ ಇಲ್ಲವೇ ಇಲ್ಲ. ಆ ಕಟ್ಟಡದಲ್ಲಿ ಮೆಟ್ಟಿಲೂ ಬೂದಿ ಬಣ್ಣ, ನೆಲವೂ ಬೂದಿ ಬಣ್ಣ. ಅಂದಾಜಲ್ಲಿ ಆಯ್ತು ಅಂದುಬಿಟ್ಟೆ.”

“ಹೇಳೋಕೆ ಏನಾಗಿತ್ತು ನಿಮಗೆ?”

“ಗ್ಯಾನ ಇಲ್ಲದವನು ಅಂದ್ರೆ ಬೈದು ಸುಮ್ಮನಾಗ್ತಾರೆ. ಕಣ್ಣಿಲ್ಲದವನು ಅಂದ್ರೆ ಅವನ ಮಾತಿನ ಮೇಲೆ ಯಾರು ಕಾಲಿಡ್ತಾರೆ?”

“ಬೀರು ನನ್ನ ಮೇಲೆ ಬಿದ್ದಿದ್ರೆ?”

ಭಾವ ಹಿಮ್ಮಡಿಯ ಮುಖ ಇದ್ದ ಕಡೆ ನೇರವಾಗಿ ನೋಡುತ್ತ ನಿಂತ. ಇಷ್ಟು ವರ್ಷ ಇಬ್ಬರ ನಡುವೆ ಸದಾ ಒಂದು ಬೀರು ಇರುತ್ತಿತ್ತು. ಭಾವನೆಂದರೆ ಹಿಮ್ಮಡಿಗೆ ಒಂದು ದನಿ. ಈಗ ಬೀರುವಿಲ್ಲದೆ ನೋಡಿದರೆ, ಮುದುಕನಾಗುತ್ತಿದ್ದ ಒಬ್ಬ ಮನುಷ್ಯ, ತುಟಿಯಂಚಲ್ಲಿ ಒಣಗಿದ ನೊರೆ, ಕಣ್ಣಲ್ಲಿ ನೀರು. ಸಿಟ್ಟು ಹೋಗಲಿಲ್ಲ. ಆದರೆ ಅದನ್ನು ಎಲ್ಲಿ ಇಳಿಸಬೇಕೆಂದು ತಿಳಿಯದೆ ಹಿಮ್ಮಡಿ ಅದನ್ನು ಹಿಡಿದುಕೊಂಡೇ ನಿಂತ.

ಕಣ್ಣಿನ ಆಸ್ಪತ್ರೆಗೆ ಮೂವರೂ ಹೋದರು. ಪೊರೆಯಾಗಿದ್ದರೆ ತೆಗೆಯಬಹುದಿತ್ತು, ಇದು ಒಳಗಿನ ನರ ಎಂದರು. ಹೋದದ್ದು ಬಾರದು. ತಪ್ಪದೆ ಹನಿ ಹಾಕಿದರೆ ಇದ್ದದ್ದನ್ನು ಉಳಿಸಿಕೊಳ್ಳಬಹುದು. ಬರುವಾಗ ಅಕ್ಕ ಗಂಡನ ಕೈ ಹಿಡಿದಿದ್ದಳು. ಹಿಮ್ಮಡಿ ಹಿಂದಿನಿಂದ ಭಾವನ ಕಾಲನ್ನೇ ನೋಡುತ್ತ ಬಂದ. ಪ್ರತಿ ಹೆಜ್ಜೆಯಲ್ಲೂ ಅದು ನೆಲವನ್ನು ಹುಡುಕುತ್ತಿತ್ತು.

ಡಾಕ್ಟರಮ್ಮನ ಹತ್ತಿರ ಕೊನೆಯ ಸಲ ಹೋದಾಗ ಅವಳು ಹೇಳಿದಳು: “ಹೊರೆ ಹೊತ್ತು ಮುಂದಕ್ಕೆ ನಡೀಬಹುದು. ಹಿಂದುಹಿಂದಕ್ಕೆ ಮೆಟ್ಟಿಲಿಳಿಯೋದು ಸದ್ಯಕ್ಕೆ ಬೇಡವೇ ಬೇಡ. ಕಣಕಾಲಿಗೆ ಪಟ್ಟಿ ಇರಲಿ. ಏರುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು.”

ಆ ಮಾತನ್ನು ಮನೆಯವರೆಗೂ ಬಾಯಲ್ಲಿಟ್ಟುಕೊಂಡು ಬಂದ ಹಿಮ್ಮಡಿ, ಊಟದ ಹೊತ್ತಿಗೆ ಹೊರಹಾಕಿದ.

“ನನಗೆ ಹಿಂದ್ಹಿಂದಕ್ಕೆ ಇಳಿಯೋದು ಬೇಡ ಅಂದ್ರು, ಇನ್ನು ಕೆಳತುದಿ ನಿಮ್ಮದು. ಕೆಳಗಿರೋನಿಗೆ ಕಣ್ಣು ಬೇಕಾಗಿಲ್ಲ ಭಾವ. ಅಲ್ಲಿ ಬೇಕಾದ್ದು ಕಾಲು. ನಿಮ್ಮ ಕಾಲು ನೋಡಿದೀನಲ್ಲ.”

“ತಲೆ ಕೆಟ್ಟಿದೆಯಾ ನಿನಗೆ? ಈ ವಯಸ್ಸಿಗೆ ನಾನು ಹಿಂದ್ಹಿಂದಕ್ಕೆ ನಡೀಲಾ?”

“ಕಬ್ಬಿಣದ ಬೀರು ಇನ್ನು ಬೇಡ. ಮೇಜು, ಕಪಾಟು ಸಾಕು. ಬೇರೆ ಜೋಡಿ ಬೇಕು ಅಂದ್ರೆ ಹುಡುಕಿ ಕೊಡ್ತೀನಿ.”

ಅಕ್ಕ ಇಬ್ಬರ ಮುಖವನ್ನೂ ನೋಡಿದಳು. “ಹೋಗಿ, ಬಿದ್ದು ಬನ್ನಿ” ಎಂದಳು. “ಇಬ್ಬರಿಗೂ ಒಟ್ಟಿಗೇ ಐಸ್ ತರಿಸ್ತೀನಿ. ಎಣ್ಣೆ ಮಾತ್ರ ಕೇಳಬೇಡಿ.”

ಮೊದಲು ಸಿಕ್ಕಿದ್ದು ಅದೇ ಬೀದಿಯ ದರ್ಜಿಯ ಅಂಗಡಿಯ ಮಹಡಿಯಿಂದ ಇಳಿಸಬೇಕಾದ ಒಂದು ಮರದ ಕಪಾಟು. ಖಾಲಿ ಮಾಡಿ ಹಗುರ ಮಾಡಿಕೊಂಡರು. ಹಿಮ್ಮಡಿ ಹೊಸ ಅಡಿ ಹೊಲಿಸಿದ ಬೂಟಿನ ದಾರ ಬಿಗಿದ. ಬಗ್ಗಿ ಭಾವನ ಬೂಟಿನ ದಾರವನ್ನೂ ತಾನೇ ಬಿಗಿದ. ಭಾವ ಕೆಳತುದಿ ಹಿಡಿದು, ಮೆಟ್ಟಿಲಿಗೆ ಬೆನ್ನು ಮಾಡಿ ನಿಂತ.

“ಮೆಟ್ಟಿಲು” ಎಂದ ಹಿಮ್ಮಡಿ. ಜೀವಮಾನದಲ್ಲಿ ಆ ಮಾತನ್ನು ಅವನು ಕೇಳಿದ್ದಷ್ಟೇ, ಆಡಿರಲಿಲ್ಲ.

ಭಾವನ ಕಾಲು ಗಾಳಿಯಲ್ಲಿ ಅತ್ತಿತ್ತ ತಡಕಾಡಿತು.

“ಹುಡುಕಬೇಡಿ ಭಾವ. ನನ್ನ ಮಾತಿನ ಮೇಲೆ ಕಾಲಿಡಿ.”

ಕಾಲು ಒಂದು ಗಳಿಗೆ ನಿಂತಿತು. ಆಮೇಲೆ ಇಳಿಯಿತು.

“ಮೆಟ್ಟಿಲು... ಮೆಟ್ಟಿಲು... ತಿರುವು, ಗೋಡೆ ಬಂತು... ಮೆಟ್ಟಿಲು...” ಕಪಾಟಿನ ಪಕ್ಕದಿಂದ ಕತ್ತು ಚಾಚಿದ ಹಿಮ್ಮಡಿಯ ಹಣೆಯಿಂದ ಬೆವರು ಇಳಿಯುತ್ತಿತ್ತು. ಹೊರುವುದಕ್ಕಿಂತ ಹೇಳುವುದೇ ಭಾರವೆಂದು ಅವನಿಗೆ ಈಗ ಗೊತ್ತಾಗುತ್ತಿತ್ತು. ಬುಡದಲ್ಲಿ ಬೆಳಕು ಕಡಿಮೆಯಿತ್ತು. ಅವನು ಎರಡೆರಡು ಸಲ ನೋಡಿದ.

“ಇನ್ನೊಂದಿದೆ.”

ಭಾವ ನಿಂತುಬಿಟ್ಟ. ಕಪಾಟಿನಾಚೆಯಿಂದ ದನಿ ಬಂತು. “ಇದೆಯಾ?”

“ಇದೆ.”

ಭಾವ ಕಾಲು ಬಿಟ್ಟ. ಮೆಟ್ಟಿಲು ಸಿಕ್ಕಿತು.

“ಆಯ್ತು” ಎಂದ ಹಿಮ್ಮಡಿ.

ಭಾವ ನೆಲಕ್ಕಿಳಿದು, ಪಾದದಿಂದ ಅದನ್ನು ಮೆಲ್ಲಗೆ ತಟ್ಟಿ ನೋಡಿದ.

“ನಂಬಿಕೆ ಇಲ್ವಾ?”

“ಇದೆ ಕಣೋ. ಸುಮ್ನೆ ನೆಲ ಮಾತಾಡಿಸ್ದೆ. ನೀನು ನೋಡ್ಕೊಂಡು ಇಳಿ.”

ಹಿಮ್ಮಡಿಗೆ ಆ ಕೊನೆಯ ಮೆಟ್ಟಿಲೂ ಸೇರಿ ಇನ್ನೂ ಕೆಲವು ಬಾಕಿಯಿದ್ದವು. ಕಪಾಟಿನ ಭಾರವನ್ನು ಭುಜಕ್ಕೆ ಒರಗಿಸಿಕೊಂಡು, ಡಾಕ್ಟರಮ್ಮ ಹೇಳಿದಂತೆ ಪಟ್ಟಿ ಕಟ್ಟಿದ ಕಾಲನ್ನೇ ಮೊದಲು ಇಳಿಸಿದ.