ನಾವೇ ಕುಡಿಯದ ಕಾಫಿ

ಕಾಫಿಯ ಬಗ್ಗೆ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಹುಟ್ಟಿದ್ದು ವನಗೂರಿನ ತೋಟದಲ್ಲಿ, ಸೊಸೆಯಾಗಿ ಸೇರಿದ್ದು ಹೆಗ್ಗದ್ದೆಯ ತೋಟಕ್ಕೆ. ಹಾಗಾಗಿ ಕಾಫಿಯ ಬಗೆಗಳನ್ನು ಪರಿಚಯಿಸುವ ಮೊಬೈಲ್ ಆ್ಯಪ್ ಮಾಡುತ್ತೇನೆಂದು ಬೆಳೆಗಾರ ಮಹಿಳೆಯರ ಸಂಘದಲ್ಲಿ ಎದೆ ತಟ್ಟಿ ಹೇಳಿದ್ದೆ. ಸೋಮವಾರ ಕೆ. ಹೊಸಕೋಟೆಯ ಸಭೆಯಲ್ಲಿ ಮಾದರಿ ತೋರಿಸಬೇಕಿತ್ತು. ಅವರು ಒಪ್ಪಿದರೆ ಸಂಘದ ಪುಡಿಯ ಪ್ರತಿ ಪೊಟ್ಟಣದ ಮೇಲೂ ನನ್ನ ಆ್ಯಪಿನ ಕ್ಯೂಆರ್ ಕೋಡ್. ಒಪ್ಪದಿದ್ದರೆ ಎರಡು ವರ್ಷ ಅಡುಗೆಮನೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕಲಿತ ಡಿಸೈನೆಲ್ಲ ನೀರಲ್ಲಿ ಹೋಮ.

ಆ್ಯಪಿಗೆ ಏಳು ಸ್ಕ್ರೀನ್ ಬಿಡಿಸಿದ್ದೆ. ಅರೇಬಿಕಾ, ರೋಬಸ್ಟಾ, ಒಂಟಿ ಬೀಜದ ಪೀಬೆರಿ, ಹೀಗೆ ಯಾವುದನ್ನು ಒತ್ತಿದರೂ ಚಿತ್ರ, ಕೆಳಗೆ ಅದರ ರುಚಿಯ ವಿವರ. ಬಟನ್ನು ಎಲ್ಲರ ಬೆರಳಿಗೂ ಸಿಗುತ್ತದೋ ನೋಡೋಣವೆಂದು ಭಾನುವಾರ ಬೆಳಿಗ್ಗೆ, ಕಣದಲ್ಲಿ ಕಾಫಿ ಹರವುತ್ತಿದ್ದ ಅತ್ತೆಯ ಕೈಗೆ ಫೋನ್ ಕೊಟ್ಟೆ. ನಲವತ್ತು ವರ್ಷದಿಂದ ಈ ಕಣ ಅವರದೇ. ಸೆರಗಿಗೆ ಹೆಬ್ಬೆರಳು ಒರೆಸಿಕೊಂಡು ಪಟಪಟ ಒತ್ತಿದರು. ನಾನು ಬೀಗಿದೆ.

"ಅರೇಬಿಕಾಗೆ ಚಾಕ್ಲೇಟ್ ರುಚಿ ಐತೆ ಅಂತ ಬರ್ದಿದ್ದೀಯಲ್ಲ, ನೀನ್ ಯಾವಾಗ ಕುಡ್ದೆ?"

"ದಿನಾ ಕುಡೀತೀವಲ್ಲ ಅತ್ತೆ!"

"ಅದು ಜೊಳ್ಳು ಕಣೇ."

ಮೈ ಉರಿದುಹೋಯಿತು. ಅವರು ಹೇಳಿದ್ದು ನಿಜವಾದ್ದರಿಂದಲೇ ಉರಿಯಿತು. ನಮ್ಮ ತೋಟದ ಮನೆಗಳ ಪದ್ಧತಿಯೇ ಅದು. ಸಿಪ್ಪೆ ಬಿಡಿಸಿ, ತೊಳೆದು, ಒಣಗಿಸಿದ ಒಳ್ಳೆಯ ಬೀಜವೆಲ್ಲ ಮೂಟೆ ಸೇರಿ ಲಾರಿ ಹತ್ತುತ್ತದೆ. ನೆಲಕ್ಕುದುರಿದ್ದು, ನೀರಲ್ಲಿ ತೇಲಿದ್ದು ಮನೆಗೆ. ಅದಕ್ಕೊಂದಿಷ್ಟು ಚಿಕೋರಿ, ಬೆಲ್ಲ. ಚಾಕೊಲೇಟಿನ ಮಾತನ್ನು ನಾನು ಯಾವುದೋ ದುಬಾರಿ ಪೊಟ್ಟಣದ ಮೇಲಿಂದ ಎತ್ತಿದ್ದೆ. ಥೂ, ನನ್ನ ಜಂಬಕ್ಕಿಷ್ಟು!

ಸೀದಾ ಸ್ಟೋರಿಗೆ ಹೋಗಿ ಅರೇಬಿಕಾ ಮೂಟೆಯ ಬಾಯಿ ಬಿಚ್ಚಿದೆ. "ಅಯ್ಯಯ್ಯೋ, ಮಾರೋ ಮಾಲಿಗೇ ಕೈ ಹಾಕ್ಬುಟ್ಟಳಲ್ಲಪ್ಪ!" ಎಂದು ಅತ್ತೆ ಹಿಂದೆಯೇ ಬಂದರು. ಬಂದವರೇ ಒರಳು ಒರೆಸಿಕೊಟ್ಟರು. ಕುಟ್ಟಿ ಹೊಟ್ಟು ತೆಗೆದು, ಕಬ್ಬಿಣದ ಬಾಣಲೆಯಲ್ಲಿ ಹುರಿದು, ಪುಡಿ ಮಾಡಿ, ಬರೀ ಡಿಕಾಕ್ಷನ್ ಇಳಿಸಿದೆವು. ಅತ್ತೆ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು.

"ಹುಳಿ ಐತೆ, ಕಿತ್ತಳೆ ಹಣ್ಣಿನ ಥರ. ಆಮೇಲೆ ಸಿಹಿ ಬತ್ತದೆ, ತಡವಾಗಿ." ಇನ್ನೊಂದು ಗುಟುಕು. "ಈ ಗಿಡ ಎಲ್ಲಾ ನಿಮ್ ಮಾವನೋರು ನೆಟ್ಟಿದ್ದು ಕಣೇ. ಒಂದ್ ಲೋಟನೂ ಕುಡೀದೆ ಹೋಗ್ಬುಟ್ರು."

ನನಗೆ ಅಳು ಬಂತು. ಅತ್ತೆ ಅಳಲಿಲ್ಲ, ಲೋಟ ಖಾಲಿ ಮಾಡಿದರು.

ಚಾಕೊಲೇಟ್ ಅಳಿಸಿ ಅವರ ಮಾತನ್ನೇ ಹಾಕಿದೆ. ಉಳಿದ ಬಗೆಗಳ ಕೆಳಗೆ 'ಇನ್ನೂ ಕುಡಿದಿಲ್ಲ' ಎಂದು ಬರೆದೆ. ಸೋಮವಾರ ಸಭೆಗೆ ಫೋನಿನ ಜೊತೆ ಫ್ಲಾಸ್ಕನ್ನೂ ಒಯ್ದೆ. ನಿಮ್ಮ ತೋಟದ ಒಳ್ಳೆಯ ಕಾಫಿಯನ್ನು ನಿಮ್ಮಲ್ಲಿ ಯಾರು ಕುಡಿದಿದ್ದೀರಿ ಎಂದು ಕೇಳಿದೆ. ಒಂದು ಕೈಯೂ ಏಳಲಿಲ್ಲ. ಲೋಟ ಒಂದು ಸುತ್ತು ಬಂದ ಮೇಲೆ ಅಧ್ಯಕ್ಷೆ, "ಮಿಕ್ಕಿದ್ದನ್ನೂ ಕುಡ್ದು ಬರೀರಿ ಮಾರಾಯ್ರೆ, ಪೊಟ್ಟಣಕ್ಕೆ ನಿಮ್ದೇ ಹಾಕಣ" ಎಂದರು.

ಗೆದ್ದ ಸುದ್ದಿ ಹೇಳಲು ಓಡಿ ಬಂದರೆ ಅತ್ತೆ ಸ್ಟೋರಿನಲ್ಲಿದ್ದರು. ಸಾಲಿನಿಂದ ಒಂದು ಮೂಟೆಯನ್ನು ಎಳೆದು ಗೋಡೆ ಪಕ್ಕ ಇಟ್ಟಿದ್ದರು.

"ಇದು ಲಾರಿಗಲ್ಲ," ಎಂದರು. "ಮನೇದು."