ಅಗಿಯುವವರ ಊರಿನಲ್ಲಿ ಮುದ್ದೆ

ಸೂರತ್ತಿಗೆ ಬಂದ ಮೊದಲ ತಿಂಗಳಲ್ಲೇ ಒಂದು ಘೋರ ದೃಶ್ಯ ಕಂಡೆ. ಪಕ್ಕದ ಮನೆಯ ರಮೇಶ್‌ಭಾಯಿ ನಮ್ಮ ಚಾಪೆಯ ಮೇಲೆ ಕೂತು ರಾಗಿಮುದ್ದೆಯನ್ನು ಅಗಿದರು. ಭಾಯಿ ಎಂದರೆ ಅಣ್ಣ. ಇಲ್ಲಿ ಜಗಳಕ್ಕೆ ಬಂದವನ ಹೆಸರಿಗೂ ಅದನ್ನು ಅಂಟಿಸಿಯೇ ಬೈಯುತ್ತಾರೆ. ಅಣ್ಣ ಅಗಿದರು, ಮತ್ತೆ ಅಗಿದರು. ಮುದ್ದೆ ಹಲ್ಲಿಗೆ ಮೆತ್ತಿ ಬಾಯಿ ಬಿಡಲಾಗದೆ ಕಣ್ಣಲ್ಲೇ ನಮ್ಮ ಕ್ಷಮೆ ಕೋರಿದರು. ನನ್ನ ಹೆಂಡತಿ ಜಯಮ್ಮ ಅಡುಗೆಮನೆಗೆ ಓಡಿ, ಬಾಯಿಗೆ ಸೆರಗು ತುರುಕಿಕೊಂಡು ನಕ್ಕಳು.

ದೊಡ್ಡಬಳ್ಳಾಪುರದಲ್ಲಿ ಮಗ್ಗ ರಿಪೇರಿ ಮಾಡಿಕೊಂಡಿದ್ದವನು ನಾನು. ಅಲ್ಲಿ ಮಗ್ಗಗಳು ಒಂದೊಂದಾಗಿ ನಿಂತ ಮೇಲೆ ಇಲ್ಲಿನವನ್ನು ರಿಪೇರಿ ಮಾಡಲು ಬಂದೆ. ಮಗ್ಗಗಳು ಎರಡು ಊರಲ್ಲೂ ಒಂದೇ ಭಾಷೆ ಆಡುತ್ತವೆ, ತೊಡಕು ಹೊಟ್ಟೆಯದು. ಇಲ್ಲಿ ಬೇಳೆಗೂ ಬೆಲ್ಲ. ಊರಿಂದ ತಂದ ಹಿಟ್ಟು ಮುಗಿದಾಗ, ಕಾಡಿನ ಕಡೆಯವರು ಮಾರುವ ‘ನಾಗ್ಲಿ’ಯೇ ನಮ್ಮ ರಾಗಿ ಎಂದು ಜಯಮ್ಮ ಪತ್ತೆ ಮಾಡಿದಳು. ಇವರು ಅದನ್ನೂ ರೊಟ್ಟಿ ತಟ್ಟಿ ಅಗಿಯುತ್ತಾರೆ.

ನಾವು ಅಗಿಯುವ ಜನವಲ್ಲ. ನಮ್ಮವ್ವ ಎದುರಿಗೆ ಕೂರಿಸಿಕೊಂಡು ಕಲಿಸಿದ ಮೊದಲ ವಿದ್ಯೆಯೇ ಅದು. “ಹಲ್ಲು ತಾಗಿಸ್ಬೇಡ ಕಣ್ಲಾ. ಉಪ್ಸಾರಲ್ಲಿ ಹೊರಳ್ಸು, ನುಂಗು.” ಮೊದಲ ತುತ್ತು ಜಾರಿ ಇಳಿದಾಗ ಎದೆಯೊಳಗೆ ಯಾರೋ ಬೆಚ್ಚಗೆ ಕೈಯಾಡಿಸಿದಂತಿತ್ತು. ಮುಂದೆ ಸಮೇತನಹಳ್ಳಿಗೆ ಹೆಣ್ಣು ನೋಡಲು ಹೋದಾಗ ಅವರೆಕಾಳಿನ ಸಾರು, ಮುದ್ದೆ ಬಡಿಸಿದರು. ನಾನು ಹೆಣ್ಣು ನೋಡುತ್ತಿದ್ದರೆ ಹೆಣ್ಣು ಬಾಗಿಲ ಸಂದಿಯಿಂದ ನನ್ನ ಗಂಟಲು ನೋಡುತ್ತಿದ್ದಳಂತೆ. “ಎರಡ್ ಮುದ್ದೆ ಸದ್ದಿಲ್ದೆ ಇಳಿಸಿದ್ರಿ, ಅದಕ್ಕೇ ಒಪ್ಕೊಂಡೆ. ಮುಖ ಆಮೇಲ್ ನೋಡ್ದೆ” ಎನ್ನುತ್ತಿದ್ದಳು.

ಹೋದ ಚಳಿಗಾಲದಲ್ಲಿ ಜಯಮ್ಮನಿಗೆ ಲಕ್ವ ಹೊಡೆಯಿತು. ಎಡಗೈ, ಎಡಗಾಲು ಬಿದ್ದುಹೋದವು. ಮಾತು ತೊದಲಿಕೊಂಡಾದರೂ ಉಳಿಯಿತು, ನುಂಗುವುದು ಉಳಿಯಲಿಲ್ಲ. ತುತ್ತು ದಾರಿ ತಪ್ಪಿ ಉಸಿರಿಗೆ ಅಡ್ಡವಾದರೆ ಜೀವಕ್ಕೇ ಅಪಾಯ ಎಂದು ಡಾಕ್ಟರು ಮೂಗಿಗೆ ನಳಿಕೆ ಹಾಕಿ ಕಳಿಸಿದರು. ಅದನ್ನು ತೆಗೆಯುವ ಮಾತನ್ನು ಅವರು ಇನ್ನೂ ಎತ್ತಿಲ್ಲ. ತೆಳು ಗಂಜಿಯನ್ನು ನಾನೇ ಸಿರಿಂಜಿನಲ್ಲಿ ಬಿಡುತ್ತೇನೆ. ಮಗ್ಗಕ್ಕೆ ಎಣ್ಣೆ ಬಿಟ್ಟು ಪಳಗಿದ ಕೈ ಎಂದು ನರ್ಸಮ್ಮನಿಂದ ಪ್ರಶಂಸೆಯೂ ದೊರೆತಿದೆ.

ಅವಳ ತಮ್ಮ ಫೋನು ಮಾಡಿದ. “ಭಾವ, ಅಕ್ಕನ್ನ ಊರಿಗೆ ಕರ್ಕೊಂಡ್ ಬಂದ್ಬಿಡಿ. ಮನೆ ಇದೆ, ಜನ ಇದಾರೆ. ಅಲ್ಯಾರಿದಾರೆ ನಿಮಗೆ?”

ನನಗೂ ಸರಿ ಎನಿಸಿತು. ಟಿಕೆಟ್ಟು ಮಾಡಿಸುವ ಮುನ್ನ ಅವಳನ್ನು ಕೇಳಿದೆ. ಅವಳು ಹೌದು, ಅಲ್ಲ ಎನ್ನದೆ, “ಮುದ್ದೆ ಮಾಡಿ” ಎಂದಳು.

ಮಾಡಿದೆ. ತಟ್ಟೆಯನ್ನು ಬಲಗೈಯಿಂದ ಎಳೆದುಕೊಂಡು, ತುತ್ತು ಮುರಿದು, ಸಾರಲ್ಲಿ ಹೊರಳಿಸಿದಳು. ನಾನು ಗಾಬರಿಯಿಂದ ತಡೆಯಹೋದೆ. ಆ ಕೈ ಅವಳ ಬಾಯಿಗೆ ಹೋಗದೆ ನನ್ನ ಬಾಯಿಗೆ ಬಂತು.

ನುಂಗಿದೆ. ಅವಳು ನನ್ನ ಗಂಟಲನ್ನೇ ನೋಡುತ್ತಿದ್ದಳು.

“ಹಿಟ್ಟು ಬೆಂದಿಲ್ಲ” ಎಂದಳು.

“ಊರಿಗೆ ಹೋಗೋಣ್ವಾ?”

ಇನ್ನೊಂದು ತುತ್ತು ಮುರಿದಳು. “ಬೇಡ ಕಣ್ರೀ. ಅಲ್ಲಿ ಎಲ್ರೂ ನನ್ ಮುಂದೇನೇ ನುಂಗ್ತಾರೆ. ಇಲ್ಲಿ ನೀವೊಬ್ರೇ.”

ಬಾಮೈದನಿಗೆ, ಬೇಸಿಗೆ ಕಳೆಯಲಿ ಎಂದಿದ್ದೇನೆ. ದಿನವೂ ಎಲ್ಲರಂತೆ ರೊಟ್ಟಿ ಅಗಿಯುತ್ತೇನೆ. ಮುದ್ದೆ, ಅವಳು ಕೇಳಿದ ದಿನ ಮಾತ್ರ.