ಪಾರ್ಟೋಗ್ರಾಫ್ ಗೆರೆ ದಾಟಿದ ಮಧ್ಯಾಹ್ನ

ಆರು ವರ್ಷದ ಹಿಂದೆ ನಾನು ಸವಣೂರು ತಾಲ್ಲೂಕಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸ್ಟಾಫ್ ನರ್ಸ್ ಆಗಿದ್ದೆ. ಹೆರಿಗೆ ಕೋಣೆಯಲ್ಲಿ ಅದು ನನ್ನ ಹದಿನೆಂಟನೆಯ ವರ್ಷ. ನನಗಿಂತ ಹನ್ನೊಂದು ವರ್ಷ ಚಿಕ್ಕವಳಾದ ಇನ್ನೊಬ್ಬ ನರ್ಸ್ ಶಾಹಿದಾ ಬಂದು ಎಂಟೇ ತಿಂಗಳಾಗಿತ್ತು. ಆದರೂ ಬಸುರಿಯರು ಬಾಗಿಲಲ್ಲೇ ಕೇಳುತ್ತಿದ್ದರು: "ಶಾಹಿದಾ ಸಿಸ್ಟರ್ ಅದಾರೇನ್ರಿ?"

"ಒಳಗ ಬರ್ರಿ" ಅನ್ನುತ್ತಿದ್ದೆ. ಹೊಟ್ಟೆಯೊಳಗೆ ಮೆಣಸಿನಕಾಯಿ ಅರೆದಂತಾಗುತ್ತಿತ್ತು. ಬೆಳಿಗ್ಗೆ ಡಬ್ಬಿಗೆ ರೊಟ್ಟಿ ಹಾಕಿಕೊಳ್ಳುತ್ತ ಪ್ರಾರ್ಥಿಸುವುದು ನನ್ನ ರೂಢಿ. ಆ ದಿನಗಳಲ್ಲಿ ಅದಕ್ಕೊಂದು ಮಾತು ಸೇರಿಕೊಂಡಿತ್ತು: ಕರ್ತನೇ, ಒಬ್ಬಳಾದರೂ ನನ್ನ ಹೆಸರು ಹಿಡಿದು ಕೇಳಲಿ.

ಅಂದು ಚೊಚ್ಚಲ ಹೆರಿಗೆಗೆ ರೇಣುಕಾ ಎಂಬ ಹುಡುಗಿ ಅತ್ತೆಯ ಜೊತೆ ಬಂದಳು. "ನಿಮ್ಮಿಬ್ಬರಾಗ ಹೆರಿಗಿ ಮಾಡಸೂದ್ರಾಗ ಹಗರ ಕೈ ಯಾರದ್ರಿ?" ಎಂದು ಅತ್ತೆ ಕೇಳಿದಳು.

"ಅಕ್ಕಾರದ್ರಿ. ನನ್ನ ಕೈ ಬರೇ ಚಾ ಮಾಡಾಕ," ಎಂದಳು ಶಾಹಿದಾ. ಅತ್ತೆ ನಕ್ಕು ಅವಳ ಕೈಯನ್ನೇ ಹಿಡಿದಳು.

ಹತ್ತು ಗಂಟೆಗೆ ಗರ್ಭದ ಬಾಯಿ ನಾಲ್ಕು ಸೆಂಟಿಮೀಟರ್ ತೆರೆದಿತ್ತು. ಪಾರ್ಟೋಗ್ರಾಫ್‌ನಲ್ಲಿ ಗುರುತು ಹಾಕಿದೆ. ಹೆರಿಗೆ ಹೇಗೆ ಸಾಗಿದೆ ಎಂದು ತೋರಿಸುವ ಹಾಳೆ ಅದು. ತಾಸಿಗೊಂದು ಸೆಂಟಿಮೀಟರಿನಂತೆ ಏರುವ ಓರೆಗೆರೆ ಅದರಲ್ಲಿ ಅಚ್ಚಾಗಿರುತ್ತದೆ. ನಮ್ಮ ಗುರುತು ಅದರ ಬಲಕ್ಕೆ ಬಿದ್ದರೆ ದೊಡ್ಡ ಆಸ್ಪತ್ರೆಗೆ ಕಳಿಸಬೇಕು. ಎರಡು ಗಂಟೆಗೆ ಎಂಟಾಗಬೇಕಿತ್ತು, ಐದೇ ಇತ್ತು. ಮೀಟಿಂಗ್‌ಗೆ ಹೋಗಿದ್ದ ಡಾಕ್ಟರ್ ಫೋನ್ ಎತ್ತಲಿಲ್ಲ.

"ಅಕ್ಕಾರ, ಗೆರಿ ದಾಟೇತ್ರಿ. ಕಳಸೂಣ್ರಿ," ಎಂದಳು ಶಾಹಿದಾ.

ನನಗೂ ಕಾಣುತ್ತಿತ್ತು. ಆದರೆ ಅವಳು ಮೊದಲು ಅಂದುಬಿಟ್ಟಿದ್ದಳು. "ಹದಿನೆಂಟು ವರ್ಷ ಇದನ್ನ ನೋಡೇನಿ. ಇನ್ನೊಂದು ತಾಸು ತಡಿ," ಎಂದೆ.

ಅಂದೆನಾದರೂ ಆ ಮಾತಿನ ಮೇಲೆ ನನಗೇ ನಂಬಿಕೆ ಇರಲಿಲ್ಲ. ಔಷಧ ಕೋಣೆಗೆ ಹೋಗಿ, ದಾರಿ ತೋರಿಸು ತಂದೆ, ಏನಾದರೂ ಒಂದು ಸೂಚನೆ ಕೊಡು ಎಂದು ಬೇಡಿದೆ. ಗೋಡೆಯಾಚೆ ಶಾಹಿದಾ, "ಉಸುರು ಬಿಡವ್ವ, ಹಾಂ, ಹಂಗ" ಅನ್ನುತ್ತಿದ್ದಳು. ಪ್ರಾರ್ಥನೆಯ ನಡುವೆ ಅದೂ ನನಗೆ ಉರಿಯಿತು.

ಎರಡೂ ನಲವತ್ತಕ್ಕೆ ಮಗುವಿನ ಎದೆಬಡಿತ ಎಣಿಸಿದೆ. ನೂರಿಪ್ಪತ್ತಕ್ಕಿಂತ ಇಳಿಯಬಾರದು, ನೂರಾ ಹದಿನಾಲ್ಕಿತ್ತು. ರೂಢಿಯ ಕೈ ಇದ್ದದ್ದನ್ನೇ ಬರೆಯಿತು. ಬರೆದದ್ದನ್ನು ನೋಡುತ್ತ ನಿಂತೆ.

ಶಾಹಿದಾ ಹಾಳೆಯತ್ತ ನೋಡಿದಳು. ಫೋನ್ ನನ್ನ ಕೈಗೆ ಕೊಟ್ಟಳು. "ಆಂಬುಲೆನ್ಸಿಗೆ ಹಚ್ಚೇನ್ರಿ. ಸೀನಿಯರ್ ನೀವು, ನೀವ ಮಾತಾಡ್ರಿ."

ಗಾಡಿ ಬಂದಾಗ ರೇಣುಕಾ ಶಾಹಿದಾಳ ಕೈ ಬಿಡಲಿಲ್ಲ. "ನೀನ ಹತ್ತು" ಎಂದೆ. ಸಂಜೆ ಶಾಹಿದಾಳ ಫೋನ್ ಬಂತು: "ಸಿಜೇರಿಯನ್ ಆತ್ರಿ, ಹೆಣ್ಣುಕೂಸು. ಇನ್ನರ್ಧ ತಾಸು ತಡ ಆಗಿದ್ರ ಕೂಸು ಸಿಗತಿರಲಿಲ್ಲಂತ್ರಿ." ನಲವತ್ತು ನಿಮಿಷ ನಾನೇ ಕಳೆದಿದ್ದೆ. ಅವಳು ಅದನ್ನು ಅಂದೂ ಎತ್ತಲಿಲ್ಲ, ಮುಂದೆಯೂ ಎತ್ತಲಿಲ್ಲ.

ವಾರದ ಮೇಲೆ ಅತ್ತೆ ಪೇಢೆ ಹಿಡಿದು ಬಂದಳು. "ಶಾಹಿದಾ ಸಿಸ್ಟರ್ ಅದಾರೇನ್ರಿ?"

"ಒಳಗ ಬರ್ರಿ" ಎಂದೆ. ಮೆಣಸಿನಕಾಯಿ ಇನ್ನೂ ಅಲ್ಲೇ ಇತ್ತು.

ಅದು ಪೂರ್ತಿ ಹೋಗಿದೆ ಎಂದು ಈಗಲೂ ಹೇಳಲಾರೆ. ಅಂದು ದೇವರು ನಾನು ಬೇಡುವ ಮೊದಲೇ ಉತ್ತರ ಕೊಟ್ಟಿದ್ದ. ಅದನ್ನು ಹೇಳಿದ ಶಾಹಿದಾಳ ಬಾಯಿ ನನಗೆ ಸೇರಲಿಲ್ಲ, ಅಷ್ಟೇ. ಈಗ ದಾರಿ ತಿಳಿಯದಾದಾಗ ಮೊಣಕಾಲೂರುವ ಮೊದಲು ನೆನಪು ಮಾಡಿಕೊಳ್ಳುತ್ತೇನೆ: ಇಂದು ಯಾರ ಮಾತಿಗೆ ನನ್ನ ಹೊಟ್ಟೆ ಉರಿಯಿತು? ಅವರ ಹತ್ತಿರ ಹೋಗಿ, "ಇನ್ನೊಮ್ಮೆ ಹೇಳವ್ವ" ಅನ್ನುತ್ತೇನೆ.